ಹನುಕ್ಕಾ ದೀಪಕ್ಕೇ ಪಾಠ ಮುಗಿಯದಿರಲಿ

ಮಾನ್ಯರೇ,

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಬೇರೆ ಬೇರೆ ಧರ್ಮಗಳ ಪಾಠ ಇರುತ್ತದೆ. ಇಲ್ಲಿ ಓದುವ ನಮ್ಮ ಕನ್ನಡದ ಮಕ್ಕಳೂ ಯಹೂದಿ ಹಬ್ಬಗಳ ಬಗ್ಗೆ ಕಲಿಯುತ್ತಾರೆ. ಆದರೆ ಎಷ್ಟೋ ಸಲ ಅದು ಹನುಕ್ಕಾ ಹಬ್ಬದ ದೀಪ, ಬುಗುರಿಗೇ ಮುಗಿದುಹೋಗುತ್ತದೆ. ಕ್ರಿಸ್‌ಮಸ್ ಆಸುಪಾಸಿನಲ್ಲಿ ಬರುತ್ತದಲ್ಲ, ಅದಕ್ಕೇ ಜಾಸ್ತಿ ಪ್ರಚಾರ. ಧರ್ಮದ ಲೆಕ್ಕದಲ್ಲಿ ಅದು ಚಿಕ್ಕ ಹಬ್ಬವೇ.

ಮಕ್ಕಳಿಗೆ ಬಿಡಿಸಿ ಹೇಳಬೇಕಾದ್ದು ಪಸ್ಕ ಹಬ್ಬ, ಅಂದರೆ ಪಾಸೋವರ್. ಯಹೂದಿಗಳ ಪೂರ್ವಜರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಆ ರಾತ್ರಿ ಊಟಕ್ಕೆ ಕೂತಲ್ಲೇ ಹೇಳುತ್ತಾರೆ. ಹೊರಡುವ ಅವಸರದಲ್ಲಿ ಹಿಟ್ಟು ಹುಳಿ ಬರಲಿಲ್ಲ ಎಂಬ ನೆನಪಿಗೆ ಮಟ್ಜಾ ಎಂಬ ಒಣ ರೊಟ್ಟಿ. ನೀರು ಬೆರೆಸಿದ 18 ನಿಮಿಷದೊಳಗೆ ಅದು ಬೆಂದಿರಬೇಕು. ಉಪ್ಪುನೀರು ಕಣ್ಣೀರಿಗೆ, ಸೇಬು-ಬೀಜ ಅರೆದ ಸಿಹಿ ಚಟ್ನಿ ಇಟ್ಟಿಗೆ ಕಟ್ಟುವ ಗಾರೆಗೆ. 'ಈ ರಾತ್ರಿ ಮಾತ್ರ ಯಾಕೆ ಹೀಗೆ?' ಎಂದು ಕೇಳುವ ಹಕ್ಕು ಮನೆಯ ಅತಿ ಚಿಕ್ಕ ಮಗುವಿನದು. ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಒಂದು ಹನಿ ದ್ರಾಕ್ಷಾರಸವನ್ನು ಲೋಟದಿಂದ ತೆಗೆಯುತ್ತಾರೆ. ಶತ್ರು ನೊಂದರೂ ನಮ್ಮ ಸಂತೋಷ ಅಷ್ಟು ಕಮ್ಮಿಯಾಗಬೇಕು ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರೆ ಇದು ತಿಳಿಯುತ್ತದೆಯೇ?

ತರಗತಿಯಲ್ಲಿ ಸುಮ್ನೆ ಹಬ್ಬದ ನಾಟಕ ಆಡಿಸುವ ಬದಲು ಹತ್ತಿರದ ಸಿನಗಾಗ್‌ನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ, ಯಾರನ್ನಾದರೂ ಕರೆಸಲಿ. ಲಂಡನ್ ಬಿಟ್ಟರೆ ಈ ದೇಶದಲ್ಲಿ ಯಹೂದಿಗಳು ಜಾಸ್ತಿ ಇರುವುದು ನಮ್ಮೂರ ಸುತ್ತಲೇ. ಇಲ್ಲಿನ ಕನ್ನಡ ಅಪ್ಪ-ಅಮ್ಮಂದಿರೂ ಶಾಲೆಯಲ್ಲಿ ಇದನ್ನು ಕೇಳಬಹುದು, ಅಲ್ವಾ?

– ಒಬ್ಬ ತಾಯಿ, ಮ್ಯಾಂಚೆಸ್ಟರ್