ಹತ್ತು ಸುತ್ತು, ಎರಡು ಖಣದ ಕಿವಿ

ಹೋದ ಭಾನುವಾರ ರಾತ್ರಿ ವಿಜಯಪುರಕ್ಕೆ ಬಂದು ಇಳಿದೆ. ಬ್ಯಾಗ್ ಇನ್ನೂ ಪೂರ್ತಿ ಬಿಚ್ಚಿಲ್ಲ. ಆದರೆ ಮೊಬೈಲ್‌ಗೆ ಬಂದ ಮೆಸೇಜುಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆಯುತ್ತಾ ಕೂತರೆ ಯುಗಾದಿ ದಾಟಿ ಹೋಗುತ್ತೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕದ ಮಿಶಿಗನ್‌ಗೆ ಹೋಗಿದ್ದೆ. ನನಗೆ 61 ವರ್ಷ. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ರಿಟೈರ್ ಆದವಳು. ಅಲ್ಲಿ ಫೆಬ್ರವರಿ ಮೊದಲ ವಾರ, ಮೈನಸ್ 11 ಡಿಗ್ರಿ ಚಳಿಯಲ್ಲಿ, ಹಿಮದ ಮೇಲೆ, ತಲೆಗೆ ಕಿವಿ ಹಚ್ಚಿಕೊಂಡು ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದೆ. 42.195 ಕಿ.ಮೀ. ತೆಗೆದುಕೊಂಡ ಸಮಯ 6 ಗಂಟೆ 41 ನಿಮಿಷ. ನಗೋರು ನಗಬಹುದು, ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ಕಿವಿಯ ವಿಷಯ ಮೊದಲು ಹೇಳಬೇಕು. ಅಲ್ಲಿ ಗ್ರೌಂಡ್‌ಹಾಗ್ ಅಂತ ಒಂದು ಪ್ರಾಣಿ ಇದೆ. ಅಳಿಲಿನ ಜಾತಿಯದು, ಆದರೆ ಡೊಳ್ಳು ಹೊಟ್ಟೆ, ಬಿಲದಲ್ಲಿ ವಾಸ. ಚಳಿಗಾಲ ಪೂರ್ತಿ ಒಳಗೇ ಮಲಗಿರುತ್ತೆ. ಫೆಬ್ರವರಿ 2ಕ್ಕೆ ಅದನ್ನು ಹೊರಗೆ ತಂದು ಭವಿಷ್ಯ ಕೇಳುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿಗಾಲ. ಕಾಣದಿದ್ದರೆ ವಸಂತ ಬೇಗ ಬಂತು ಅಂತ ಲೆಕ್ಕ. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಅನ್ನೋ ಊರಿನಲ್ಲಿ 1887ರಿಂದ ಇದು ನಡೆದುಕೊಂಡು ಬಂದಿದೆ. ಜರ್ಮನಿಯಿಂದ ಬಂದು ನೆಲೆಸಿದವರು ತಂದ ಪದ್ಧತಿಯಂತೆ.

ಅಳಿಯ ಇದನ್ನು ಹೇಳುವಾಗ ಅವರಿಗೇ ನಗು. ನನಗೆ ನಗು ಬರಲಿಲ್ಲ. ನನ್ನ ತವರೂರು ಬಸವನಬಾಗೇವಾಡಿ ಕಡೆ. ಕಾರಹುಣ್ಣಿಮೆ ದಿನ ಸಂಜೆ ಅಗಸಿಯಲ್ಲಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಎತ್ತು ಓಡಿಸಿ, ಕರಿ ಹರಿಯೋದನ್ನು ನೋಡಿ ಬೆಳೆದವಳು ನಾನು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಚಲೋ, ಕಂದು ಎತ್ತು ಬಂದರೆ ಮುಂಗಾರಿ ಚಲೋ ಅಂತ ಅಪ್ಪ ಅಲ್ಲೇ ನಿಂತು ಲೆಕ್ಕ ಹಾಕುತ್ತಿದ್ದರು. ಬಿಳಿ ಎತ್ತು ಗೆದ್ದ ವರ್ಷವೇ ಜೋಳ ಕೈಕೊಟ್ಟಿದ್ದನ್ನೂ ನೋಡಿದ್ದೇನೆ. ಆದರೂ ಮುಂದಿನ ವರ್ಷ ಮತ್ತೆ ಅಗಸಿಯ ಮುಂದೆ ಅಷ್ಟೇ ಜನ. "ನೀವು ಇಲಿ ಕೇಳತೀರಿ, ನಾವು ಎತ್ತು ಕೇಳತೀವಿ" ಅಂದೆ. ಅಳಿಯ ಸುಮ್ಮನಾದರು. ಎರಡು ದಿನ ಬಿಟ್ಟು ಅವರೇ ಬಂದು, "ಅತ್ತೀ, ಇಲಿ ಹೆಸರಿನಾಗ ಒಂದು ಮ್ಯಾರಥಾನ್ ಅದ ನೋಡ್ರಿ, ಓಡತೀರೇನು?" ಅಂತ ಕೇಳಿದರು.

ಊರ ಹೊರಗಿನ ಒಂದು ಪಾರ್ಕಿನಲ್ಲಿ ನಡೆಯುವ ಸಣ್ಣ ಓಟ ಅದು. 4.2 ಕಿ.ಮೀ.ಯ ಒಂದೇ ಸುತ್ತನ್ನು ಹತ್ತು ಸಲ ಓಡಬೇಕು. ಅಲ್ಲಿಗೆ 42 ಆಯಿತು. ಉಳಿದ 195 ಮೀಟರ್‌ಗೆ ಒಂದು ತಮಾಷೆ ಇಟ್ಟಿದ್ದರು. ಮೊದಲೇ ಎಲ್ಲರೂ ಒಂದು ಮರದ ಡಬ್ಬಿಯವರೆಗೆ ಓಡಿಹೋಗಿ ಬರಬೇಕು. ಡಬ್ಬಿಯೊಳಗಿಂದ ವೇಷ ಹಾಕಿದವನೊಬ್ಬ ಎದ್ದು ನೆರಳು ನೋಡಿ ಭವಿಷ್ಯ ಹೇಳುತ್ತಾನೆ. ಓಡುವವರೂ ಏನಾದರೂ ವೇಷ ಹಾಕಲೇಬೇಕು. ಇನ್ನೊಂದು ಮಾತು: ಪ್ರತಿ ಸುತ್ತೂ ಮೊದಲನೇ ಸುತ್ತೇ ಅನ್ನೋ ಹಾಗೆ ಎಲ್ಲರೂ ನಟಿಸುತ್ತಾರೆ. ಅದೇ ಬೆಳಗು, ಅದೇ ನಮಸ್ಕಾರ, ಅದೇ ಮಾತು. ಮೊದಲು ಕೇಳಿದಾಗ ಹುಚ್ಚಾಟ ಅನಿಸಿತು. ಮೂವತ್ತೈದು ವರ್ಷ ಒಂದನೇ ಕ್ಲಾಸಿಗೆ ಅದೇ ಅ ಆ ಇ ಈ ಹೇಳಿದವಳಿಗೆ ಹಾಗೆ ಅನಿಸಬಾರದಿತ್ತು, ಅಲ್ವಾ?

ಈಗ ಥ್ಯಾಂಕ್ಸ್ ಶುರು ಮಾಡುತ್ತೇನೆ.

ಮೊದಲು ನಮ್ಮ ಮನೆಯವರಿಗೆ. ಇದನ್ನು ಓದಿ ಅವರು ಮುಖ ಆ ಕಡೆ ತಿರುಗಿಸುತ್ತಾರೆ, ಗೊತ್ತು. ಮೂರು ವರ್ಷದ ಹಿಂದೆ ನಾನು ಓಡಲು ಶುರು ಮಾಡಿದಾಗ ನಮ್ಮ ಓಣಿಯ ನಾಯಿಗಳಿಗೆ ಅದು ಒಪ್ಪಿಗೆ ಇರಲಿಲ್ಲ. ಅವತ್ತಿನಿಂದ ನಸುಕಿನ ನಾಲ್ಕೂವರೆಗೆ ಎದ್ದು, ಮಫ್ಲರ್ ಸುತ್ತಿಕೊಂಡು, ಹಳೇ ಸ್ಕೂಟರ್ ಮೇಲೆ ಕೋಲು ಇಟ್ಟುಕೊಂಡು ನನ್ನ ಹಿಂದೆ ಬಂದರು. ಗೋಲಗುಂಬಜದ ರಸ್ತೆ, ಇಬ್ರಾಹಿಂ ರೋಜಾದ ಕಡೆ, ಭಾನುವಾರ ಭೂತನಾಳ ಕೆರೆಯವರೆಗೆ. ಮನುಷ್ಯ ನಡೆಯುವ ವೇಗದಲ್ಲಿ ಸ್ಕೂಟರ್ ಓಡಿಸಿ ನೋಡಿ, ಆಗ ಗೊತ್ತಾಗುತ್ತೆ ಕಷ್ಟ. ಮನೆ ಬಾಗಿಲಲ್ಲಿ ದಿನಾ ಒಂದೇ ಪ್ರಶ್ನೆ: "ನೀರು ತಗೊಂಡಿ?" ನಾನು ತಗೊಂಡಿರುತ್ತಿದ್ದೆ. ಆದರೂ ಕೇಳೋರು. ಓಟದ ದಿನ ಅಲ್ಲಿ ಬೆಳಿಗ್ಗೆ ಎಂಟೂವರೆ, ಇಲ್ಲಿ ಸಂಜೆ ಏಳು. ವಿಡಿಯೋ ಕಾಲ್‌ನಲ್ಲಿ ಅದೇ ಮಾತು. ನಾನು ಮುಗಿಸಿದಾಗ ಇಲ್ಲಿ ರಾತ್ರಿ 1 ಗಂಟೆ 41 ನಿಮಿಷ. ಮೊದಲ ರಿಂಗಿಗೇ ಫೋನ್ ಎತ್ತಿದರು. ನಿದ್ದೆ ಬರಲಿಲ್ಲ ಅಂತ ಒಪ್ಪಲಿಲ್ಲ, "ಸೊಳ್ಳಿ ಭಾಳ" ಅಂದರು.

ಸ್ಟೇಡಿಯಂನ ನಮ್ಮ ಗುಂಪಿಗೆ. ನೀವೆಲ್ಲ ನನ್ನ ಮಕ್ಕಳ ವಯಸ್ಸಿನವರು. ಮೇ ತಿಂಗಳಲ್ಲಿ ಬಿಸಿಲು 41 ದಾಟಿದಾಗಲೂ ಆರು ಗಂಟೆಯೊಳಗೆ ಓಡಿಸಿ ಮನೆಗೆ ಕಳಿಸಿದಿರಿ. ವೃಕ್ಷೋತ್ಥಾನ ಹೆರಿಟೇಜ್ ರನ್‌ನಲ್ಲಿ 21 ಕಿ.ಮೀ. ಓಡಿದಾಗ ಕೊನೆಯಲ್ಲಿ ಕೈ ಹಿಡಿದು ಕರೆತಂದಿರಿ. ನಮಗೆ ಓಟ ಹೇಳಿಕೊಡುವ ಹುಡುಗ ಒಬ್ಬನಿದ್ದಾನಲ್ಲ, ಅವನಿಗೆ ಗೊತ್ತಿರೋದು ಒಂದೇ ವಾಕ್ಯ: "ಅಕ್ಕೋರ, ಇನ್ನೊಂದ ಸುತ್ತ ಅಷ್ಟ ರೀ." ಆರು ಸುತ್ತು ಬಾಕಿ ಇದ್ದರೂ ಅದೇ ಮಾತು, ಒಂದು ಬಾಕಿ ಇದ್ದರೂ ಅದೇ. ಎಷ್ಟು ಸಲ ಬೈದಿದ್ದೇನೆ ಅವನಿಗೆ. ಮೊಣಕಾಲು ನೋಡಿ "ಈ ವಯಸ್ಸಿನಾಗ ಯಾಕ್ ಬೇಕಿತ್ತು, ಮನ್ಯಾಗ ಕುಂದ್ರಬಾರದ?" ಅಂದ ಡಾಕ್ಟರ್ ಒಬ್ಬರಿದ್ದಾರೆ. ಅವರಿಗೂ ಥ್ಯಾಂಕ್ಸ್, ಸಿಟ್ಟಿಗೆ ಎರಡು ಕಿ.ಮೀ. ಜಾಸ್ತಿ ಓಡಿದೆ.

ನೆಗೆಣ್ಣಿಗೆ, ಅಂಟಿನ ಉಂಡಿಗಾಗಿ. ಬಾಣಂತಿಗೆ ಅಂತ ಕಟ್ಟಿಕೊಟ್ಟಿದ್ದಳು. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ನಿಜ ಹೇಳಿಬಿಡುತ್ತೇನೆ, ಆ ಡಬ್ಬಿಯ ಅರ್ಧ ತಿಂದವಳು ಬಾಣಂತಿಯಲ್ಲ, ಬಾಣಂತಿಯ ಅವ್ವ. ಓಡುವವರು ತಿನ್ನೋ ಜೆಲ್ ಅಂತ ಇರುತ್ತಲ್ಲ, ಆ ಚಳಿಗೆ ಅದು ಗಟ್ಟಿಯಾಗಿ ಪ್ಯಾಕೆಟ್‌ನಿಂದ ಹೊರಗೇ ಬರಲ್ಲ. ಉಂಡಿ ಮಾತ್ರ ಜೇಬಿನಲ್ಲಿ ಮೈಗೆ ಹತ್ತಿಕೊಂಡು ಮೆತ್ತಗೆ ಇತ್ತು. ಟಿಕೋಟಾದಿಂದ ಒಣದ್ರಾಕ್ಷಿ ತಂದುಕೊಟ್ಟ ಪಕ್ಕದ ಮನೆ ಕಾಕಾನಿಗೂ ನಮಸ್ಕಾರ. ಕೈಗವಸಿನೊಳಗೆ ಒಂದು ಹಿಡಿ ಹಾಕಿಕೊಂಡಿದ್ದೆ. ನಾಲ್ಕನೇ ಸುತ್ತಿನಲ್ಲಿ ಪಕ್ಕ ಓಡುತ್ತಿದ್ದವಳಿಗೆ ಕೊಟ್ಟೆ. ಅವಳು ಕೋಳಿ ವೇಷದಲ್ಲಿದ್ದಳು.

ಅಳಿಯನಿಗೆ, ಶೂ ವಿಷಯದಲ್ಲಿ. ಗಟ್ಟಿಯಾದ ಹಿಮದ ಮೇಲೆ ಸಾದಾ ಶೂ ಜಾರುತ್ತೆ. ಅದಕ್ಕೆ ಅಲ್ಲಿಯ ಓಟಗಾರರು ಒಂದು ಉಪಾಯ ಮಾಡುತ್ತಾರೆ. ಶೂ ಅಡಿಗೆ ಸಣ್ಣ ತಗಡಿನ ಸ್ಕ್ರೂ ತಿರುಗಿಸುತ್ತಾರೆ. ತೀರಾ ಗಿಡ್ಡ ಸ್ಕ್ರೂ, ಕಾಲಿಗೆ ತಾಗದಷ್ಟು. ಆರು ಮೂಲೆಯ ಅದರ ತಲೆ ಹೊರಗೆ ಉಳಿದು ಹಿಮವನ್ನು ಕಚ್ಚುತ್ತೆ. ಗ್ಯಾರೇಜಿನಲ್ಲಿ ಶೂ ಬೋರಲು ಹಾಕಿ, ಅಳಿಯ ಒಂದೊಂದಕ್ಕೆ ಹನ್ನೆರಡರಂತೆ ಹೊಡೆಯುವಾಗ ಪಕ್ಕದಲ್ಲಿ ಕೂತು ನೋಡಿದೆ. ಮುಂಗಾಲಿಗೆ ಎಂಟು, ಹಿಮ್ಮಡಿಗೆ ನಾಲ್ಕು, ನಡುವೆ ಖಾಲಿ. ಊರಲ್ಲಿ ಎತ್ತು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಲಾಳ ಹೊಡೆಯೋರು ನೆನಪಾದರು. ಒಂದೊಂದು ಗೊರಸಿಗೆ ಎರಡೆರಡು ತುಂಡು. ಮೊಳೆ ಹೊಡೆಯೋವಾಗ ಅಪ್ಪ ಎತ್ತಿನ ಕೊರಳು ಸವರುತ್ತಾ "ಆತು, ಆತು, ಮುಗೀತು" ಅಂತಿದ್ದರು. ಮುಗಿದಿರುತ್ತಿರಲಿಲ್ಲ.

ಮಗಳಿಗೆ, ಕಿವಿಗಾಗಿ. ಮೊಮ್ಮಗನಿಗೆ ಕುಂಚಿಗೆ ಹೊಲಿಯಲು ಗುಳೇದಗುಡ್ಡದ ಖಣ ಒಯ್ದಿದ್ದೆ. ಉಳಿದ ತುಂಡಿನಲ್ಲಿ ಎರಡು ಕಿವಿ ಕತ್ತರಿಸಿ, ಒಳಗೆ ಹತ್ತಿ ತುಂಬಿ, ನನ್ನ ಕಂದು ಮಂಕಿ ಕ್ಯಾಪಿಗೆ ಹೊಲಿದಳು. ಮಗುವನ್ನು ತೊಡೆ ಮೇಲೆ ಹಾಕಿಕೊಂಡೇ. ಆ ದಿನ ಎಷ್ಟು ಜನ ಫೋಟೋ ತೆಗೆದರೋ! ನನ್ನದಲ್ಲ, ಖಣದ್ದು.

ಓಟದ ದಿನ ಎಂಟು ಗಂಟೆಗೆ ಬೆಳಕಾಯಿತು. ಅಲ್ಲಿ ಆ ಹೊತ್ತಿನಲ್ಲಿ ಸೂರ್ಯ ಹುಟ್ಟೋದೇ ಅಷ್ಟೊತ್ತಿಗೆ. ಮೋಡ ಇತ್ತು. ಡಬ್ಬಿಯವನು ಎದ್ದು ಸುತ್ತ ನೋಡಿ ನೆರಳಿಲ್ಲ ಅಂದ. ವಸಂತ ಬಂತು ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಮೂರನೇ ಸುತ್ತಿಗೆ ಹಿಮ ಸುರಿಯಲು ಶುರುವಾಯಿತು. ಮಿಶಿಗನ್ ಸರೋವರ ಅಂದರೆ ನಮ್ಮ ಕೆರೆ ಲೆಕ್ಕದಲ್ಲಿ ನೆನೆಸಬೇಡಿ, ನಮ್ಮ ರಾಜ್ಯದ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ, ಅಷ್ಟೇ. ಅದರ ಮೇಲೆ ಹಾಯ್ದು ಬರುವ ಥಂಡಿ ಗಾಳಿ ನೀರಿನ ಹಬೆ ಹೀರಿಕೊಂಡು, ದಂಡೆ ದಾಟಿದ ಮೇಲೆ ಹಿಮವಾಗಿ ಚೆಲ್ಲುತ್ತೆ. ಆ ಇಲಿಗೂ ನಮ್ಮ ಎತ್ತಿಗೂ ಏನೂ ವ್ಯತ್ಯಾಸ ಇಲ್ಲ ಅಂತ ಅವತ್ತು ಖಾತ್ರಿ ಆಯಿತು.

ಕಾಲಿಟ್ಟಲ್ಲೆಲ್ಲ ಚುರುಮುರಿ ತುಳಿದ ಸಪ್ಪಳ. ಬಾಯಿಗೆ ಕಟ್ಟಿದ ಬಟ್ಟೆ ಉಸಿರಿಗೆ ಒದ್ದೆಯಾಗಿ, ಆಮೇಲೆ ಖಡಕ್ ರೊಟ್ಟಿಯಂತೆ ಸೆಟೆದುಕೊಂಡಿತು. ರೆಪ್ಪೆಯ ಕೂದಲಿಗೆ ಹಿಮ ಹತ್ತಿ ಕಣ್ಣು ಮುಚ್ಚಿ ತೆಗೆಯೋದು ಭಾರ. ನೀರಿನ ಬಾಟಲಿ ತಲೆಕೆಳಗು ಇಟ್ಟುಕೊಳ್ಳಲು ಹೇಳಿದ್ದರು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಹಾಗೆ ಇಟ್ಟರೆ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತೆ. ನಾನು ಮರೆತು ನೆಟ್ಟಗೆ ಇಟ್ಟಿದ್ದೆ. ಐದನೇ ಸುತ್ತಿಗೆ ಮುಚ್ಚಳ ಅಲ್ಲಾಡಲಿಲ್ಲ. "ನೀರು ತಗೊಂಡಿ?" ಅಂದರೆ ತಗೊಂಡಿದ್ದೆ, ಕುಡಿಯೋಕೆ ಆಗಲಿಲ್ಲ, ಅಷ್ಟೇ. ಹತ್ತಿ ಬನಿಯನ್ ಹಾಕಬೇಡಿ, ಬೆವರು ಹಿಡಿದು ಮೈ ತಣ್ಣಗೆ ಮಾಡುತ್ತೆ ಅಂತಲೂ ಹೇಳಿದ್ದರು. ಅದೊಂದು ಮಾತು ಕೇಳಿದ್ದೆ. ಒಳಗೆ ಉಣ್ಣೆ ಹಾಕಿದ್ದೆ. ಅದು ಒದ್ದೆಯಾದರೂ ಬೆಚ್ಚಗೇ ಇರುತ್ತೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯೋರನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಇನ್ನೊಬ್ಬರಿಗೆ ಥ್ಯಾಂಕ್ಸ್ ಹೇಳಬೇಕು, ಅವರು ಇದನ್ನು ಓದಲ್ಲ. ಸುತ್ತಿನ ಅರ್ಧದಲ್ಲಿ ಒಂದು ಟೇಬಲ್. ಬಿಸಿ ಸೂಪ್ ಕೊಡುವ ಮುದುಕರೊಬ್ಬರು, ಎಂಬತ್ತರ ಹತ್ತಿರ ಇರಬೇಕು. ಪ್ರತಿ ಸುತ್ತಿಗೂ ಟೊಪ್ಪಿಗೆ ಎತ್ತಿ, "ಗುಡ್ ಮಾರ್ನಿಂಗ್! ಈ ಕಡೆ ಮೊದಲ ಸಲ ಬಂದ್ರಾ?" ಅಂತ ಕೇಳೋರು. ಮೊದಲೆರಡು ಸುತ್ತು ನಗು ಬಂತು. ಐದನೇ ಸುತ್ತಿಗೆ ಕಿರಿಕಿರಿ. ಎಂಟನೇ ಸುತ್ತಿಗೆ ನನಗೆ ಅಳುವೇ ಬಂದಿತ್ತು. ಬಲಗಾಲು ಹಿಡಿದುಕೊಂಡಿತ್ತು, ಮುಂದೆ ಹೋದವರ ಹೆಜ್ಜೆ ಗುರುತೂ ಹಿಮದಲ್ಲಿ ಮುಚ್ಚಿಹೋಗಿತ್ತು, ಇಷ್ಟಕ್ಕೇ ಸಾಕು ಅಂತ ಹೇಳಲೆಂದೇ ಟೇಬಲ್ ಹತ್ತಿರ ನಿಂತೆ. ಕಣ್ಣೀರು ಅವರಿಗೆ ಕಂಡಿತು, ಕಾಣದೇ ಇರಲಿಲ್ಲ. ಪಾಪ ಅನ್ನಲಿಲ್ಲ. ಟೊಪ್ಪಿಗೆ ಎತ್ತಿದರು. "ಗುಡ್ ಮಾರ್ನಿಂಗ್! ಈ ಕಡೆ ಮೊದಲ ಸಲ ಬಂದ್ರಾ?"

"ಹೂಂ ರೀ, ಇದ ಮೊದಲನೇ ಸಲ" ಅಂತ ಕನ್ನಡದಲ್ಲೇ ಬಾಯಿಗೆ ಬಂತು. ಅವರು ಅರ್ಥ ಆದವರಂತೆ ತಲೆ ಆಡಿಸಿ ಸೂಪ್ ಕೊಟ್ಟರು. ಕುಡಿಯುತ್ತಾ ನಿಂತಾಗ ತಲೆಯೊಳಗೆ ಎಲ್ಲ ಒಟ್ಟಿಗೆ ಶುರುವಾಯಿತು. ನೀರು ತಗೊಂಡಿ. ಇನ್ನೊಂದ ಸುತ್ತ ಅಷ್ಟ ರೀ. ಆತು, ಆತು, ಮುಗೀತು. ಗೋಲಗುಂಬಜದ ಮೇಲೆ ನಿಂತು ಒಮ್ಮೆ ಕೂಗಿದರೆ ಏಳು ಸಲ ತಿರುಗಿ ಕೇಳುತ್ತೆ ಅಂತಾರಲ್ಲ, ಹಾಗೆ. ಆಗ ಎರಡೂಕಾಲು ಸುತ್ತೋ ಎರಡೂವರೆಯೋ ಬಾಕಿ ಇತ್ತು. "ಇನ್ನೊಂದ ಸುತ್ತ" ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಹೊರಟೆ. ಹತ್ತನೇ ಸುತ್ತಿನಲ್ಲಿ ಮುದುಕರು ಮತ್ತೆ ಕೇಳಿದಾಗ ಉಳಿದಿದ್ದ ಕೊನೆಯ ಉಂಡಿ ಅವರ ಕೈಗಿಟ್ಟೆ. ಬಾಯಿಗೆ ಹಾಕಿಕೊಂಡು, ಅವತ್ತು ಮೊದಲ ಬಾರಿಗೆ ಬೇರೆ ಮಾತಾಡಿದರು. ಇದರಲ್ಲಿ ಏನೇನು ಹಾಕ್ತೀರಿ ಅಂತ ಕೇಳಿದರು.

ಕೊನೆಯವಳಾಗಲಿಲ್ಲ ನಾನು. ನನ್ನ ಹಿಂದೆ ಇನ್ನೂ ನಾಲ್ಕು ಜನ ಇದ್ದರು, ಅದರಲ್ಲಿ ಕೋಳಿಯೂ ಒಬ್ಬಳು. ಸ್ಟೇಡಿಯಂ ಹುಡುಗರೇ, ಇದನ್ನು ಗಮನಿಸಿ.

ನಿನ್ನೆ ಮಧ್ಯಾಹ್ನ ಮನೆಯವರು ಅಂಗಳದಲ್ಲಿ ಕೂತು ಶೂನಿಂದ ಸ್ಕ್ರೂ ಒಂದೊಂದೇ ಬಿಚ್ಚಿ ಚಾದ ತಟ್ಟೆಯಲ್ಲಿ ಹಾಕಿದರು. ಇಪ್ಪತ್ತನಾಲ್ಕು ಇರಬೇಕಿತ್ತು, ಇಪ್ಪತ್ತೊಂದಿದ್ದವು. ಎರಡು ಸಲ ಎಣಿಸಿದರು. "ಮೂರು ಎಲ್ಲಿ ಕೆಡವಿ ಬಂದಿ?" ಅಂತ ನನ್ನನ್ನೇ ಕೇಳಿದರು.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಸ್ಟೇಡಿಯಂ ಗೇಟಿನ ಹತ್ತಿರ ಎಲ್ಲರೂ ಬರ್ರಿ. ಶೇಂಗಾ ಹೋಳಿಗೆ ಮಾಡಿಕೊಂಡು ಬರುತ್ತೇನೆ, ತುಪ್ಪ ಬೇರೆ ಡಬ್ಬಿಯಲ್ಲಿ ಇರುತ್ತೆ. ಮೊದಲು ಓಟ, ಆಮೇಲೆ ಹೋಳಿಗೆ. ಅಂಟಿನ ಉಂಡಿ ಯಾರೂ ಕೇಳಬೇಡಿ, ಖಾಲಿ ಆಗಿವೆ. ನೆಗೆಣ್ಣಿಗೆ ಇನ್ನೂ ಹೇಳಿಲ್ಲ.