ಮನೇಲಿ ಹಳೇ ಮಿಲಿಟರಿ ಮೆಡಲ್ ಇರೋರು ನೋಡಿ
ಎಲ್ರಿಗೂ ನಮಸ್ಕಾರ, ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದ (ಮೈಸೂರು ಮಹಾರಾಜರ ಕುದುರೆ ಪಡೆ) ಮುತ್ತಾತನ ಬಗ್ಗೆ ಹುಡುಕ್ತಿರೋರು ಮೊದ್ಲು ಮೆಡಲ್ ಅಂಚು ನೋಡಿ, ಮುಖದ ಕಡೆ ಅಲ್ಲ, 1914-18ರ ಬೆಳ್ಳಿ ಮೆಡಲ್ ಆದ್ರೆ ಸಾಮಾನ್ಯವಾಗಿ ಅಂಚಲ್ಲೇ ನಂಬರು, ಹುದ್ದೆ, ಹೆಸ್ರು, ದಳ ಎಲ್ಲ ಇಂಗ್ಲಿಷಲ್ಲಿ ಇರುತ್ತೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದೋಗುತ್ತೆ!! ಸ್ಪೆಲಿಂಗ್ ಪೂರ್ತಿ ನಂಬ್ಬೇಡಿ, ಕಿವಿಗೆ ಬಿದ್ದಂಗೆ ಬರ್ಕೊಂಡಿರ್ತಾರೆ, ನಂಬರೇ ಗಟ್ಟಿ. 1918 ಸೆಪ್ಟೆಂಬರ್ 23ರ ಹೈಫಾ (ಈಗಿನ ಇಸ್ರೇಲ್‌ನಲ್ಲಿರೋ ಊರು) ಕಾಳಗದಲ್ಲಿ ಇದ್ರು ಅಂತ ಎಲ್ಲಾರ ಮನೇಲೂ ಹೇಳ್ತಾರೆ (ನಮ್ಮನೇಲೂ ಹೇಳ್ತಾರೆ ಬಿಡಿ), ಮೆಡಲ್ ಒಂದೇ ಅದಕ್ಕೆ ಸಾಕ್ಷಿ ಆಗಲ್ಲ. ಮಹಾರಾಜರ ಪಡೆ ಆಗಿದ್ರಿಂದ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಿ. ಯುದ್ಧದಲ್ಲಿ ತೀರ್ಕೊಂಡಿದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಹೆಸ್ರು ಹಾಕಿ ಹುಡುಕಿ, ಫ್ರೀ. ಸ್ವಾತಂತ್ರ್ಯ ಬಂದ್ಮೇಲೆ ಸೇರಿದೋರ್ದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೀಬೇಕು, ಪೆನ್ಶನ್ ಪೇಪರ್ ಹುಡುಕಿಟ್ಕೊಳಿ. ಅಂಚಿನ ಫೋಟೋ ಇಲ್ಲೇ ಹಾಕಿ, ಗುಡ್ ಮಾರ್ನಿಂಗ್ ಹೂವು ಬೇಡ.