ನನ್ನ 120 ಕ್ರೇಟ್ ಲಿಂಬೆ ಒಣದ್ರಾಕ್ಷಿ ಕೋಣೆಗೆ ಹೋದದ್ದು ಯಾಕೆ?

ಮಾಲೀಕರಿಗೆ ಮತ್ತು ಮ್ಯಾನೇಜರ್ ಅವರಿಗೆ,
ಕೋಲ್ಡ್ ಸ್ಟೋರೇಜ್ ಆಫೀಸು, ವಿಜಯಪುರ

ವಿಷಯ: 10 ಡಿಗ್ರಿಯಲ್ಲಿ ಇಡುತ್ತೇವೆಂದು ರಸೀದಿ ಕೊಟ್ಟು, 4 ಡಿಗ್ರಿಯಲ್ಲಿ ಇಟ್ಟು ಕೆಡಿಸಿದ ಲಿಂಬೆಯ ಬಗ್ಗೆ

ಮಾನ್ಯರೇ,

ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಒಂದು ಸಲ ಖುದ್ದಾಗಿ ಬಂದು, ಅನ್ನಿಸಿಕೊಂಡು ಹೋಗಿದ್ದೇನೆ. ಇನ್ನು ಬಾಯಿಮಾತಲ್ಲಿ ಆಗುವ ಕೆಲಸ ಇದಲ್ಲ ಅಂತ ಗೊತ್ತಾಗಿ ಈ ಪತ್ರ ಬರೆಯುತ್ತಿದ್ದೇನೆ.

ಫೆಬ್ರವರಿ 3ರಂದು ನಿಮ್ಮಲ್ಲಿ 120 ಕ್ರೇಟ್ ಲಿಂಬೆ ಇಟ್ಟೆ. ಕ್ರೇಟಿಗೆ 20 ಕಿಲೋ. ಇಬ್ಬನಿ ಆರಿದ ಮೇಲೆ ಕೈಯಿಂದ ಬಿಡಿಸಿದ ಕಾಯಿ ಅದು. ತೊಟ್ಟು ಕೀಳದ ಹಾಗೆ ಬಿಡಿಸಿದ್ದೆವು, ಯಾಕೆಂದರೆ ತೊಟ್ಟು ಕಿತ್ತ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಗೀರು ಬಿದ್ದದ್ದನ್ನು, ಹಣ್ಣಾದದ್ದನ್ನು ನನ್ನ ಹೆಂಡತಿ ಒಂದೊಂದಾಗಿ ಆರಿಸಿ ತೆಗೆದಳು. ಚಳಿಗಾಲದಲ್ಲಿ ಲಿಂಬೆಗೆ ರೇಟಿಲ್ಲ, ಬಿಸಿಲು ಏರಿದರೆ ಸಿಗುತ್ತದೆ. ಆರು ವಾರ ಕಾಯಿ ತಡೆದರೆ ಸಾಕಿತ್ತು. ನಿಮ್ಮವರೇ ಆ ದಿನ ಹೇಳಿದರು: ಲಿಂಬೆಗೆ 9ರಿಂದ 10 ಡಿಗ್ರಿ, ತೇವಾಂಶ ಶೇಕಡಾ 85ರಿಂದ 90, ಹಾಗಿಟ್ಟರೆ ಆರರಿಂದ ಎಂಟು ವಾರಕ್ಕೆ ಚಿಂತೆ ಇಲ್ಲ ಅಂತ. ರಸೀದಿಯಲ್ಲಿ 'ಲಿಂಬೆ, 10 ಡಿಗ್ರಿ' ಅಂತ ಬರೆದುಕೊಟ್ಟವರೂ ನೀವೇ. ನಿಯಮ ನಾನು ಹೇಳಿಕೊಡಬೇಕಾಗಿರಲಿಲ್ಲ.

ಫೆಬ್ರವರಿ 21ಕ್ಕೆ ನಾನು, ನನ್ನ ಮಗ ನೋಡಲು ಬಂದೆವು. ಬಾಗಿಲು ತೆಗೆದ ಕೂಡಲೇ ಒಣದ್ರಾಕ್ಷಿ ವಾಸನೆ ಮೂಗಿಗೆ ಹೊಡೆಯಿತು. ಗೋಡೆ ತುಂಬ ದ್ರಾಕ್ಷಿ ಬಾಕ್ಸ್, ಮೂಲೆಯಲ್ಲಿ ನನ್ನ ಕ್ರೇಟು. ಬಾಗಿಲ ಮೇಲಿನ ಮೀಟರಿನಲ್ಲಿ ಕೆಂಪಗೆ 4.1 ಅಂತ ಇತ್ತು. ಕೇಳಿದ್ದಕ್ಕೆ ನಿಮ್ಮ ಸೂಪರ್‌ವೈಸರ್ "ಮೀಟರ್ ಕೆಟ್ಟೈತ್ರಿ, ಒಳಗ ಹತ್ತೇ ಐತಿ" ಅಂದರು. ನಾನು ನಂಬಿದೆ. ಒಣದ್ರಾಕ್ಷಿಗೆ ಆ ಚಳಿ ಒಗ್ಗುತ್ತದೆ, ಅದು ಒಣಗಿದ ಮಾಲು. ಲಿಂಬೆ ಜೀವ ಇರುವ ಕಾಯಿ. ಅಂಥ ಚಳಿಯಲ್ಲಿ ವಾರಗಟ್ಟಲೆ ಇಟ್ಟರೆ ಅದರ ಸಿಪ್ಪೆ ಸುಡುತ್ತದೆ. ದುಡ್ಡಿನ ಮಾಲು ದ್ರಾಕ್ಷಿ, ಅದಕ್ಕೆ ತಕ್ಕಂತೆ ಕೋಣೆ ನಡೆಸಿದಿರಿ. ಲಿಂಬೆ ಅಂತ ನಿಮಗೆ ನೆನಪಾದದ್ದು ಬಾಡಿಗೆ ಎಣಿಸುವಾಗ ಮಾತ್ರ.

ಮಾರ್ಚ್ 20ಕ್ಕೆ ಮಾಲು ಬಿಡಿಸಿಕೊಂಡೆ. ಕಾಯಿ ಹಸಿರಾಗೇ ಇತ್ತು, ಖುಷಿಪಟ್ಟೆ. ಚಳಿಯ ಏಟು ಒಳಗಿದ್ದಾಗ ಕಾಣುವುದಿಲ್ಲ, ಹೊರಗಿನ ಬಿಸಿ ತಾಗಿದ ಮೇಲೆ ಕಾಣುತ್ತದೆ. ಮೂರನೇ ದಿನಕ್ಕೆ ಸಿಪ್ಪೆ ಮೇಲೆ ಸಣ್ಣ ಸಣ್ಣ ಕಂದು ಕುಳಿ ಬಿದ್ದವು, ಸಿಡುಬು ಬಂದ ಮುಖದ ಹಾಗೆ. ಎಪಿಎಂಸಿಯಲ್ಲಿ ವ್ಯಾಪಾರಿ ಒಂದು ಕಾಯಿ ತೆಗೆದು ಹೆಬ್ಬೆರಳಿಂದ ಒತ್ತಿದ. ಕುಳಿ ಇದ್ದಲ್ಲಿ ಸಿಪ್ಪೆ ಮೆತ್ತಗೆ ಒಳಗೆ ಹೋಯಿತು. ಅವನು ರೇಟು ಕೂಡ ಹೇಳಲಿಲ್ಲ.

ಈಗ ಮಾರ್ಚ್ 25ರ ಮಾತು. ಹತ್ತು ಕಾಯಿ ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಆಫೀಸಿಗೆ ಬಂದೆ. ಪಿಯುಸಿ ಓದುವ ಮಗನೂ ಜೊತೆಗಿದ್ದ. ಹೊರಗಿನ ಬೆಂಚಿನ ಮೇಲೆ ಹನ್ನೆರಡೂ ಕಾಲರವರೆಗೆ ಕೂರಿಸಿದಿರಿ. ನಮ್ಮ ಮುಂದೆಯೇ ಒಳಗೆ ಎರಡು ಸಲ ಚಹಾ ಹೋಯಿತು. ಕರೆದ ಮೇಲೂ ಕೂತುಕೊಳ್ಳಿ ಅನ್ನಲಿಲ್ಲ. ನಿಮ್ಮ ಎದುರು ಇಬ್ಬರು ದ್ರಾಕ್ಷಿ ವ್ಯಾಪಾರಿಗಳು ಕೂತಿದ್ದರು. ನಾನು ಕಾಯಿಗಳನ್ನು ಟೇಬಲ್ ಗಾಜಿನ ಮೇಲೆ ಇಟ್ಟೆ. ಮ್ಯಾನೇಜರ್ ಅವರೇ, ನೀವು ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಒಂದನ್ನು ಉರುಳಿಸಿದಿರಿ. "ಇಲ್ಲಿಂದ ಹೋಗುವಾಗ ಚಲೋ ಇದ್ವು, ಸಹಿ ಮಾಡೀರಿ" ಅಂದಿರಿ. ನಾನು ಮೀಟರಿನ ಮಾತು ಎತ್ತಿದೆ. "ಕಾಕಾ, ಡಿಗ್ರಿ ಅಂದ್ರ ಏನಂತ ಗೊತ್ತೈತೇನು ನಿಮಗ?" ಅಂತ ಕೇಳಿದಿರಿ. ಆ ಇಬ್ಬರು ನನ್ನ ಮುಖ ನೋಡಿದರು. ನನಗೆ ಉತ್ತರ ಗೊತ್ತಿತ್ತು. ಆದರೆ ಗಂಟಲಿಂದ ಮಾತು ಬರಲಿಲ್ಲ. "ಉಪ್ಪಿನಕಾಯಿ ಹಾಕ್ರಿ, ಚಲೋ ಆಗ್ತಾವು" ಅಂದಿರಿ, ಮೂವರೂ ನಕ್ಕಿರಿ. ಒಂದು ಕಾಯಿಯ ರಸ ಗಾಜಿನ ಮೇಲೆ ಹತ್ತಿತ್ತು. "ಅದಿಷ್ಟು ಒರಸಿ ಹೋಗ್ರಿ" ಅಂದಿರಿ. ಹೆಗಲ ಮೇಲಿನ ಟವೆಲ್ ತೆಗೆದು ಒರೆಸಿದೆ. ಮಗ ನೋಡುತ್ತಾ ನಿಂತಿದ್ದ. ಊರು ಮುಟ್ಟುವವರೆಗೂ ಅವನು ನನ್ನ ಹತ್ತಿರ ಒಂದು ಮಾತಾಡಲಿಲ್ಲ.

ನಿಮ್ಮ ಗೇಟಿನ ಬೋರ್ಡಿನ ಮೇಲೆ ಲಿಂಬೆಯ ಚಿತ್ರ ಇದೆ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ, ಅಂದರೆ ಈ ನೆಲದ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಆ ಹೆಸರು ಬೆಳೆದವರ ಬೆವರಿಂದ ಬಂದದ್ದು. ಅದನ್ನು ತೋರಿಸಿ ಗಿರಾಕಿ ಕರೆಯುವುದು, ಆಮೇಲೆ ಬೆಳೆದವನ ಕೈಲಿ ಟೇಬಲ್ ಒರೆಸಿಸುವುದು, ಇದು ಯಾವ ನ್ಯಾಯ?

120 ಕ್ರೇಟಿನಲ್ಲಿ ಚೆನ್ನಾಗಿ ಉಳಿದದ್ದು 14. ಅವು ಕಿಲೋ 60ರ ಹಾಗೆ ಹೋದವು. ಉಳಿದ 106 ಕ್ರೇಟನ್ನು ಕೊನೆಗೆ ಉಪ್ಪಿನಕಾಯಿಯವರಿಗೇ ಕಿಲೋ 10 ರೂಪಾಯಿಗೆ ಕೊಟ್ಟೆ. ಕಿಲೋಗೆ 50ರಂತೆ ನಷ್ಟ 1,06,000 ರೂಪಾಯಿ. ನೀವು ತೆಗೆದುಕೊಂಡ ಬಾಡಿಗೆ 6,000. ಒಟ್ಟು 1,12,000 ರೂಪಾಯಿ ನನಗೆ ಬರಬೇಕು. ಜೊತೆಗೆ ಫೆಬ್ರವರಿ 3ರಿಂದ ಮಾರ್ಚ್ 20ರವರೆಗೆ ಆ ಕೋಣೆಯ ತಾಪಮಾನ ಬರೆದಿಟ್ಟ ಪುಸ್ತಕದ ನಕಲು ಕೊಡಿ. ಮೀಟರ್ ಕೆಟ್ಟಿತ್ತು ಅನ್ನುವುದಾದರೆ ಅದನ್ನು ರಿಪೇರಿ ಮಾಡಿಸಿದ ಬಿಲ್ಲಾದರೂ ತೋರಿಸಿ.

15 ದಿನ ಕಾಯುತ್ತೇನೆ. ಆಮೇಲೆ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ರೈತ ಗ್ರಾಹಕ ಅಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. ನಮ್ಮ ರಾಜ್ಯದ್ದೇ ಒಂದು ಕೋಲ್ಡ್ ಸ್ಟೋರೇಜಿಗೆ 2014ರಲ್ಲಿ ಬೆಂಕಿ ಬಿದ್ದು ರೈತರ ಮಾಲು ಸುಟ್ಟಿತ್ತು. ಆ ಕೇಸಿನಲ್ಲಿ, ಹಾಗೆ ಮಾಲು ಇಟ್ಟ ರೈತರೂ ಗ್ರಾಹಕರೇ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನಷ್ಟು ಮೊತ್ತದ ದೂರಿಗೆ ಆಯೋಗದಲ್ಲಿ ಶುಲ್ಕವೂ ಇಲ್ಲ. ಸುಮ್ನೆ ಹೆದರಿಸಲು ಬರೆದದ್ದಲ್ಲ ಇದು. 4.1 ತೋರಿಸುವ ಮೀಟರಿನ ಫೋಟೊ ಮಗನ ಮೊಬೈಲಿನಲ್ಲಿ ಇದೆ, ತಾರೀಖು ಟೈಮು ಸಮೇತ. ಆ ದಿನ ಅವನಿಗೆ ಮೀಟರ್ ಕೆಟ್ಟಿದೆ ಅನ್ನುವ ಮಾತಿನ ಮೇಲೆ ನನಗಿಂತ ಜಾಸ್ತಿ ಅನುಮಾನ ಇತ್ತು.

ದುಡ್ಡು ಬರುವುದು ತಡವಾದರೂ ಆಗಲಿ. ಆಯೋಗದಲ್ಲಿ ನಿಮ್ಮನ್ನು ಎದುರಿಗೆ ನಿಲ್ಲಿಸಿ, ಡಿಗ್ರಿ ಅಂದರೆ ಏನು ಅಂತ ನಾನು ಹೇಳುತ್ತೇನೆ. ಆಗಲೂ ಮಗನನ್ನು ಕರೆದುಕೊಂಡೇ ಬರುತ್ತೇನೆ.

ಇಂತಿ,
ಇಂಡಿ ತಾಲೂಕಿನ ಲಿಂಬೆ ಬೆಳೆಗಾರ

ಜೊತೆಗೆ: ರಸೀದಿಯ ನಕಲು, ಮೀಟರಿನ ಫೋಟೊ, ಕೆಟ್ಟ ಕಾಯಿಗಳ ಫೋಟೊ